ಗಂಡಸಿಗೆ ಹೆಸರು, ಹೆಂಗಸಿಗೆ ಗೀಟು: ಸ್ವೀಡನ್ನಿನ ಹಳೇ ತೆರಿಗೆ ಪಟ್ಟಿ ಬಳಸಿದ ಅನುಭವ

ನನ್ನ ಗಂಡನ ಕಡೆಯವರು ಸ್ಮೋಲಂಡ್ ಸೀಮೆಯ ರೈತರು. ಅವರ ವಂಶ ಹುಡುಕಲು ರಿಕ್ಸ್‌ಆರ್ಕಿವೆಟ್, ಅಂದರೆ ಸ್ವೀಡನ್ನಿನ ರಾಷ್ಟ್ರೀಯ ಪತ್ರಾಗಾರ, ಆನ್‌ಲೈನ್‌ನಲ್ಲಿ ಇಟ್ಟಿರುವ ತೆರಿಗೆ ಪಟ್ಟಿಗಳನ್ನು ಕೆಲವು ಚಳಿಗಾಲಗಳಿಂದ ಬಳಸುತ್ತಿದ್ದೇನೆ. 2018ರಿಂದ ಇದು ಪೂರ್ತಿ ಬಿಟ್ಟಿ. ಹುಟ್ಟು, ಮದುವೆ, ಸಾವು ಬರೆದಿಡುವ ಚರ್ಚಿನ ಪುಸ್ತಕಗಳ ವಿಷಯ ಎಲ್ಲರಿಗೂ ಗೊತ್ತು, ಅದನ್ನು ಇಲ್ಲಿ ಬರೆಯಲ್ಲ. ನಮ್ಮವರ ಊರಿನ ಹಳೇ ಚರ್ಚ್ ಪುಸ್ತಕಗಳು ಹೇಗೂ ಸುಟ್ಟುಹೋಗಿವೆ.

ಕೈ ಹಿಡಿದದ್ದು ಮಂತಾಲ್ಸ್‌ಲೆಂಗ್ಡ್, ತಲೆಗಂದಾಯದ ಪಟ್ಟಿ. ಅದರ ಒಂದು ಪ್ರತಿ ಸ್ಟಾಕ್‌ಹೋಮ್‌ಗೆ ಹೋಗುತ್ತಿತ್ತು. ಹಾಗಾಗಿ ಊರಲ್ಲಿ ಬೆಂಕಿ ಬಿದ್ದರೂ ಸರ್ಕಾರದ ಲೆಕ್ಕ ಉಳಿದಿದೆ. 17ನೇ ಶತಮಾನದಿಂದ 1991ರವರೆಗೂ ಈ ಗಣತಿ ನಡೆದಿದೆ. ಕಂದಾಯದವರ ಹಟ ಎಲ್ಲಾ ಕಡೆ ಒಂದೇ ಅಲ್ವಾ!

ಮಗು ಮಲಗಿದ ಮೇಲೆ ಲ್ಯಾಪ್‌ಟಾಪ್ ತೆಗೆಯುತ್ತೇನೆ. ಮೊದಲು ತಾಲ್ಲೂಕು, ಆಮೇಲೆ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಪ್ರದೇಶ), ಆಮೇಲೆ ಹಳ್ಳಿ, ಕೊನೆಗೆ ಜಮೀನು. ಜಮೀನಿನ ಹೆಸರು ಗೊತ್ತಿಲ್ಲದೆ ಇಳಿಯಲೇಬೇಡಿ. ಪೆರ್‌ನ ಮಗ ನಿಲ್ಸ್ ಪೆರ್ಸ್ಸನ್, ಅವನ ಮಗ ಮತ್ತೆ ಪೆರ್ ನಿಲ್ಸ್ಸನ್. ಒಂದೇ ಪ್ಯಾರಿಷ್‌ನಲ್ಲಿ ಇಂಥವರು ರಾಶಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಪ್ರತಿ ಗುಮಾಸ್ತನ ಅಕ್ಷರಗಳನ್ನು ಅದರಲ್ಲಿ ಹಾಗೇ ಬರೆದುಕೊಳ್ಳುತ್ತೇನೆ. ಹಳೇ ಜರ್ಮನ್ ಶೈಲಿಯ ಬರವಣಿಗೆ ಅದು, 'ಇ' ಅಕ್ಷರ ನೋಡಲು ಥೇಟ್ 'ಎನ್' ಥರ. ಗುಮಾಸ್ತ ಬದಲಾದ ವರ್ಷ ಮತ್ತೆ ಹೊಸ ಪುಟ. ಈ ಕೆಲಸ ನನಗೆ ಎಷ್ಟು ಇಷ್ಟವಾಯಿತು ಎಂದರೆ ಟಿವಿ ನೋಡುವುದೇ ನಿಂತುಹೋಗಿದೆ.

ಆದರೆ ಒಂದು ವಿಷಯ ಮಾತ್ರ ಇವತ್ತಿಗೂ ಸಿಟ್ಟು ತರಿಸುತ್ತದೆ. ಎಡಗಡೆ ಜಮೀನಿನ ಹೆಸರು, ಪಕ್ಕದಲ್ಲಿ ಅರ್ಧವೋ ಕಾಲೋ ಎಂದು ಅದರ ತೆರಿಗೆ ಅಳತೆ (ಆ ಜಮೀನು ಎಷ್ಟು ತೆರಿಗೆ ಹೊರಬಲ್ಲದು ಎಂಬ ಲೆಕ್ಕ), ಆಮೇಲೆ ಯಜಮಾನನ ಹೆಸರು. ಬಲಗಡೆ ಗಂಡಸು, ಹೆಂಡತಿ, ಮಗ, ಮಗಳು, ಆಳು, ಕೆಲಸದವಳು ಎಂದು ಕಾಲಂಗಳು. ಹೆಂಡತಿಯ ಕಾಲಂನಲ್ಲಿ ಒಂದು ಗೀಟು. ಅಷ್ಟೇ! ವರ್ಷವರ್ಷವೂ ಅದೇ ಗೀಟು. ಮಧ್ಯದಲ್ಲಿ ಅವಳು ತೀರಿಕೊಂಡು ಅವನು ಇನ್ನೊಂದು ಮದುವೆಯಾಗಿದ್ದರೂ ಆ ಗೀಟು ನೋಡಿ ಗೊತ್ತಾಗುವುದಿಲ್ಲ. ಅತ್ತೆಗೆ ಇದನ್ನು ತೋರಿಸಿದರೆ, "ನಮ್ಮಮ್ಮನ ಅಡುಗೆಮನೆಯಲ್ಲೂ ಇದೇ ಕಥೆ" ಎಂದು ನಕ್ಕುಬಿಟ್ಟರು.

ಹೆಸರು ಸಿಗುವುದು ಕೆಲವೊಮ್ಮೆ ಗಂಡ ಸತ್ತ ಮೇಲೆ. ಜಮೀನು ವಿಧವೆಯ ಕೈಗೆ ಬಂದಾಗ ಗುಮಾಸ್ತನಿಗೆ ಬೇರೆ ದಾರಿ ಇರಲ್ಲ. ಹಾಗೆ ಒಂದು ರಾತ್ರಿ ನಮ್ಮ ಸಾಲಿನಲ್ಲಿ "ವಿಧವೆ ಶೆರ್ಸ್ಟಿನ್" ಎಂದು ಕಂಡಿತು. ನಾನು ಕೂಗಿದ್ದಕ್ಕೆ ಮಗು ಎದ್ದುಬಿಟ್ಟಿತು. ಮುಂದೆ ಅವಳೂ ಪಟ್ಟಿಯಿಂದ ಮಾಯ. ಅದಕ್ಕೆ ಸತ್ತಳು ಅಂತ ಅರ್ಥ ಮಾಡಬೇಡಿ. 17ನೇ ಶತಮಾನದ ನಡುವಿನಿಂದ 15ರಿಂದ 63 ವಯಸ್ಸಿನವರಿಗೆ ಮಾತ್ರ ಈ ತಲೆಗಂದಾಯ. ತೀರಾ ಬಡವರಿಗೆ, ಕಾಯಿಲೆಯವರಿಗೆ ವಿನಾಯಿತಿ ಇತ್ತು. ಪಟ್ಟಿಯ ಅಂಚಿನಲ್ಲಿ ಅಂಥ ಷರಾ ಇದ್ದರೆ ಬಿಡದೆ ಓದಿ. ಒಂದು ಮನೆಯ ಕಷ್ಟ ಗೊತ್ತಾಗುವುದು ಅಲ್ಲೇ.

ಒಂದು ಖಾಸಗಿ ಕಂಪನಿಯ ಚಂದಾ ಕೂಡ ಕಟ್ಟಿದ್ದೆ. ಪಟ್ಟಿಗಳ ಪುಟಗಳನ್ನು ಅವರು ತೆಗೆದ ಬಣ್ಣದ ಚಿತ್ರಗಳು ನಿಜಕ್ಕೂ ಚೆನ್ನ, ಮಾಸಿದ ಶಾಯಿಯೂ ಕಾಣುತ್ತದೆ. ಆದರೆ ಹೆಸರು ಟೈಪ್ ಮಾಡಿ ಹುಡುಕುವ ಸೌಲಭ್ಯ ನನಗೆ ಬೇಕಾದ ಪಟ್ಟಿಗಳಿಗೇ ಇಲ್ಲ. ಹೇಗೂ ಪುಟ ಪುಟ ತಿರುಗಿಸಬೇಕು ಅಂದಮೇಲೆ ಸುಮ್ನೆ ಯಾಕೆ ದುಡ್ಡು? ಇನ್ನು ಕಟ್ಟಲ್ಲ. ನಿಮ್ಮವರ ಪುಟಗಳು ತೀರಾ ಮಸುಕಾಗಿದ್ದರೆ ಒಂದು ತಿಂಗಳಿಗೆ ಕಟ್ಟಿ, ಬೇಕಾದ್ದು ಇಳಿಸಿಕೊಳ್ಳಿ.

ಅತ್ತೆಗೆ ಈಗ ಹಸುಗಳ ಲೆಕ್ಕ ಬೇಕಂತೆ. 1620ರ ನಂತರದ ಜಾನುವಾರು ತೆರಿಗೆಯ ಪಟ್ಟಿಗಳಲ್ಲಿ ಕುದುರೆ, ಹಸು, ಕುರಿ ಎಲ್ಲವನ್ನೂ ಮನೆಮನೆಯಾಗಿ ಎಣಿಸಿದ್ದಾರೆ. ಅದಕ್ಕೂ ಹಿಂದೆ, 1571ರಲ್ಲಿ, ಡೆನ್ಮಾರ್ಕ್ ಹಿಡಿದಿದ್ದ ಎಲ್ವ್ಸ್‌ಬೊರ್ಗ್ ಕೋಟೆ ಬಿಡಿಸಿಕೊಳ್ಳಲು ಜನರ ಚರಾಸ್ತಿಯ ಹತ್ತನೇ ಒಂದು ಪಾಲು ಎತ್ತಿದ್ದರು. ಆ ಪಟ್ಟಿಯಲ್ಲಿ ಬೆಳ್ಳಿ, ತಾಮ್ರ ಕೂಡ ಸೇರಿದೆ. ಗಂಡ ಆಗಲೇ ಬೆಳ್ಳಿ ಕನಸು ಕಾಣುತ್ತಿದ್ದಾನೆ. ಕಾಲು ಅಳತೆಯ ಜಮೀನಿನವರ ಮನೆಯಲ್ಲಿ ಏನು ಸಿಗುತ್ತೋ ನೋಡಬೇಕು.