ಮಗುವಿನ ಫೋಟೋಗೆ ಗಾಢ ಬಣ್ಣದ ಹಿನ್ನೆಲೆ: ವಿನೈಲ್, ಪೇಪರ್ ರೋಲ್, ಕೇಸ್ಮೆಂಟ್ ಬಟ್ಟೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೇಸ್ಮೆಂಟ್ ಬಟ್ಟೆಗೆ. ಪರದೆ ಬಟ್ಟೆ ಅಂಗಡಿಯಲ್ಲಿ ಸಿಗುತ್ತಲ್ಲ, ಸ್ವಲ್ಪ ದಪ್ಪಗಿನ ಕಾಟನ್, ಅದೇ. ನಾನು ಸ್ಟುಡಿಯೋ ಇಟ್ಟವಳಲ್ಲ. ಮನೆಗಳಿಗೇ ಹೋಗಿ ನಾಮಕರಣ, ಆರು ತಿಂಗಳು, ಮೊದಲ ಹುಟ್ಟುಹಬ್ಬದ ಫೋಟೋ ತೆಗೆಯುತ್ತೇನೆ. ಎಲ್ಲಾ ಸಾಮಾನು ಸ್ಕೂಟರ್ ಮೇಲೇ ಹೋಗಬೇಕು. ನನ್ನ ಹಾಗೆ ಓಡಾಡುವವರಿಗೆ ಈ ಹೋಲಿಕೆ.

ಈಗ ಎಲ್ಲಿ ನೋಡಿದರೂ ಕೆನೆ ಬಿಳಿ, ಬಿಸ್ಕೆಟ್ ಬಣ್ಣದ ಫ್ಯಾಷನ್. ನನಗೇನೋ ಅದು ಒಗ್ಗಲಿಲ್ಲ. ಗೋಧಿ ಬಣ್ಣದ, ಎಣ್ಣೆಗಪ್ಪಿನ ಮಕ್ಕಳು ಅದರ ಮುಂದೆ ಸಪ್ಪೆ ಕಾಣುತ್ತಾರೆ. ಹಿಂದೆ ನವಿಲು ನೀಲಿಯೋ ಅರಿಶಿನ ಹಳದಿಯೋ ಬರಲಿ, ಕಾಡಿಗೆ, ಕೆನ್ನೆಯ ದೃಷ್ಟಿಬೊಟ್ಟು ಎಲ್ಲಾ ಎದ್ದು ಕಾಣುತ್ತವೆ. ಅಜ್ಜಿಯಂದಿರಂತೂ ಯಾವತ್ತೂ ಗಾಢ ಬಣ್ಣದ ಪಕ್ಷವೇ.

ವಿನೈಲ್ ಅಂದರೆ ಪ್ಲಾಸ್ಟಿಕ್ ಹಾಳೆ, ಅದನ್ನು ಗೆಳತಿಯ ಸ್ಟುಡಿಯೋದಿಂದ ತಂದು ನೋಡಿದೆ. ಗಿಳಿಹಸಿರು. ಮಗು ಉಚ್ಚೆ ಹೊಯ್ದರೆ ಒರೆಸಿದರಾಯಿತು, ಸುಕ್ಕಿಲ್ಲ, ಇಸ್ತ್ರಿ ಬೇಡ. ಆದರೆ ಮ್ಯಾಟ್ ಅಂತ ಹೇಳಿ ಮಾರುವುದಕ್ಕೂ ಒಂದು ಮಿರುಗು ಇದ್ದೇ ಇರುತ್ತದೆ. ಕಿಟಕಿ ಬೆಳಕು ಓರೆಯಾಗಿ ಬಿದ್ದರೆ ನಡುವೆ ಒಂದು ಬಿಳಿ ತೇಪೆ. ಅಷ್ಟು ಜಾಗದಲ್ಲಿ ಬಣ್ಣವೇ ಇಲ್ಲ.

ಅದನ್ನಾದರೂ ಸಹಿಸಬಹುದು. ನಿಜವಾದ ತಲೆನೋವು ಬೇರೆ. ಐದಾರು ತಿಂಗಳ ಮಗುವನ್ನು ಅಂಗಾತ ಮಲಗಿಸಿದರೆ ಏನೂ ಗೊತ್ತಾಗುವುದಿಲ್ಲ. ಬೋರಲು ಹಾಕಿ ನೋಡಿ. ಮಗು ಎದೆಯೂರಿ ತಲೆ ಎತ್ತುತ್ತದೆ, ಮುಖ ನೆಲದಿಂದ ಒಂದು ಗೇಣು ಮೇಲೆ. ನೆಲಕ್ಕೆ ಹಾಸಿದ ವಿನೈಲ್ ಮೇಲೆ ಬಿದ್ದ ಬೆಳಕು ಹಸಿರಾಗಿ ಮೇಲಕ್ಕೆ ಚಿಮ್ಮುತ್ತದೆ. ಗದ್ದದ ಕೆಳಗೆ ಹಸಿರು, ಕತ್ತಿನ ಮಡಿಕೆಯಲ್ಲಿ ಹಸಿರು, ಮೂಗಿನ ಹೊಳ್ಳೆಯ ಅಂಚಿಗೂ ಹಸಿರು. ಎಣ್ಣೆ ಹಚ್ಚಿದ ಮೈಯಾದರೆ ಇನ್ನೂ ಜಾಸ್ತಿ.

ವೈಟ್ ಬ್ಯಾಲೆನ್ಸ್‌ನಲ್ಲಿ ಸರಿಮಾಡೋಣ ಅಂದರೆ ಆಗುವುದಿಲ್ಲ. ಅದು ಇಡೀ ಫೋಟೋದ ಬಣ್ಣ ತಿರುಗಿಸುತ್ತದೆ, ನಮಗೆ ಬೇಕಿರುವುದು ಗದ್ದ ಒಂದೇ. ಹಸಿರು ತೆಗೆದಷ್ಟೂ ಹಣೆ, ಕೆನ್ನೆ ಕೆನ್ನೀಲಿ ಗುಲಾಬಿಗೆ ಹೋಗುತ್ತವೆ. ಕೊನೆಗೆ ಎಡಿಟಿಂಗ್‌ನಲ್ಲಿ ಗದ್ದವನ್ನು ಮಾತ್ರ ಆಯ್ದು (ಇದಕ್ಕೇ ಮಾಸ್ಕ್ ಅನ್ನುವುದು) ಹಸಿರು ಕಳೆಯಬೇಕು. ಒಂದು ಫೋಟೋಗೆ ಪರವಾಗಿಲ್ಲ, ಇಡೀ ಆಲ್ಬಮ್‌ಗೆ ಕೂತು ಮಾಡುವವರು ಯಾರು? ಎದೆಯ ಕೆಳಗೆ ಬಿಳಿ ಟವೆಲ್ ಹಾಸಿದರೆ ಹಸಿರು ಕಮ್ಮಿಯಾಗುತ್ತದೆ, ಆದರೆ ಬಣ್ಣದ ಮಧ್ಯೆ ಬಿಳಿ ಟವೆಲ್ ಕಾಣುತ್ತದಲ್ವಾ!

ಈ ತಪ್ಪು ವಿನೈಲ್‌ನದ್ದೊಂದೇ ಅಲ್ಲ. ಪೇಪರ್, ಬಟ್ಟೆ ಯಾವುದಾದರೂ ತನ್ನ ಬಣ್ಣವನ್ನು ಮೇಲಕ್ಕೆ ಎರಚಿಯೇ ಎರಚುತ್ತದೆ. ಯಾವ ಬಣ್ಣ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಹಳದಿ, ಕಿತ್ತಳೆ ಬಿದ್ದರೆ ಸಂಜೆ ಬಿಸಿಲು ಬಿದ್ದ ಹಾಗೆ, ನಮ್ಮ ಮೈಬಣ್ಣಕ್ಕೆ ಹೊಂದಿಕೊಳ್ಳುತ್ತದೆ. ಹಸಿರು, ನೀಲಿ ಬಿದ್ದರೆ ಮಗುವಿಗೆ ಹುಷಾರಿಲ್ಲವೇನೋ ಅನಿಸುತ್ತದೆ. ಹಾಗಾಗಿ ನನ್ನ ಲೆಕ್ಕ ಇಷ್ಟೇ: ನೆಲಕ್ಕೆ ಅರಿಶಿನ ಹಳದಿ, ನವಿಲು ನೀಲಿ ಗೋಡೆಗೆ. ಗೋಡೆಯ ಬಟ್ಟೆ ಮಗುವಿನಿಂದ ನಾಲ್ಕೈದು ಅಡಿ ಹಿಂದಿದ್ದರೆ ಅದರ ಬಣ್ಣ ಮುಖಕ್ಕೆ ತಾಗುವುದೇ ಇಲ್ಲ ಅನ್ನಬಹುದು. ಒಂದು ಎಚ್ಚರ. ಹುಟ್ಟಿದ ಮೊದಲ ವಾರದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸ್ವಲ್ಪ ಕಾಮಾಲೆ ಇರುತ್ತದೆ. ಆಗ ಹಳದಿ ಹಾಸಿದರೆ ಅದು ಎದ್ದು ಕಾಣುತ್ತದೆ. ಅಷ್ಟು ಎಳೆ ಕೂಸಿಗೆ ನಾನು ಗಾಢ ಬಣ್ಣವನ್ನೇ ಹಾಸುವುದಿಲ್ಲ.

ಪೇಪರ್ ರೋಲ್‌ನ ಬಣ್ಣಕ್ಕೆ ಮಾತ್ರ ಸಾಟಿಯಿಲ್ಲ. ಮಿರುಗಿಲ್ಲ, ನೇಯ್ಗೆಯಿಲ್ಲ, ಗೋಡೆಯಿಂದ ನೆಲಕ್ಕೆ ಒಂದೇ ಸಮನೆ ಇಳಿಯುತ್ತದೆ. ಪೂರ್ತಿ ರೋಲ್ 2.72 ಮೀಟರ್ ಅಗಲ. ಅರ್ಧದ್ದು 1.35. ಆ ಅರ್ಧವನ್ನೇ ಸ್ಕೂಟರ್ ಮೇಲೆ ಅಡ್ಡ ಹಿಡಿದು ಸಂತೆ ದಿನ ಹೋಗಿ ನೋಡಿ! ಅಂಬೆಗಾಲಿಡುವ ಮಗು ಮೊಣಕಾಲೂರಿದ ಕಡೆಯೆಲ್ಲ ಮಡಿಕೆ. ಒದ್ದೆಯಾದರೆ ಅಷ್ಟುದ್ದ ಕತ್ತರಿಸಿ ಎಸೆಯಬೇಕು. ಅಂಚು ಹರಿದು ಬಾಯಿಗಿಟ್ಟುಕೊಳ್ಳುವುದಂತೂ ಇದ್ದದ್ದೇ.

ಇನ್ನು ಕೇಸ್ಮೆಂಟ್. 48 ಇಂಚು ಪನ್ನಾ, ನಾನು ಮೀಟರಿಗೆ 130 ರೂಪಾಯಿ ಕೊಟ್ಟೆ. ಎರಡು ಪನ್ನಾ ಜೋಡಿಸಿ ಹೊಲಿಸಿದರೆ ಅಗಲ ಧಾರಾಳ. ಹೊಲಿಗೆ ಮಗುವಿನ ಹಿಂದೆ ಮರೆಯಾಗುತ್ತದೆ. ಅಂಗಡಿಯವರು ಪಾಪ್ಲಿನ್ ತೋರಿಸುತ್ತಾರೆ, ತಗೊಳ್ಳಬೇಡಿ. ಕಿಟಕಿ ಹಿಂದಿದ್ದರೆ ಬೆಳಕು ಆರಪಾರ ಬರುತ್ತದೆ. ಸಣ್ಣ ಚೌಕಳಿಯ ಇಳಕಲ್ ಸೀರೆ ಹಾಕಿಯೂ ನೋಡಿದೆ. ಚೆಂದ ಕಂಡಿತು, ಆದರೆ ಅಷ್ಟು ಸಣ್ಣ ಚೌಕಳಿ ಕ್ಯಾಮೆರಾದಲ್ಲಿ ಅಲೆ ಅಲೆಯಾಗಿ ಕುಣಿಯುತ್ತದೆ. ಒಂದೇ ಬಣ್ಣದ ಬಟ್ಟೆಯೇ ವಾಸಿ.

ಕೇಸ್ಮೆಂಟ್‌ನಲ್ಲೂ ಕಿರಿಕಿರಿ ಇದೆ. ಮಡಚಿಟ್ಟರೆ ಗೆರೆ ಬೀಳುತ್ತದೆ. ನಾನು ಪಿವಿಸಿ ಪೈಪಿಗೆ ಸುತ್ತಿ ಒಯ್ಯುತ್ತೇನೆ. ಹೊಸ ಬಟ್ಟೆ ಬಣ್ಣ ಬಿಡುತ್ತದೆ, ಜೊಲ್ಲು ಸುರಿಸುವ ಮಗುವಿನ ಕೆಳಗೆ ಹಾಸುವುದು ಬೇರೆ. ಅದಕ್ಕೇ ತಿಳಿನೀರು ಬರುವ ತನಕ ಒಗೆದೇ ಬಳಸುವುದು.

ಕೆಂಪಿಗೆ ಆತುರ ಬೇಡ. ಕಡುಗೆಂಪನ್ನು ಕ್ಯಾಮೆರಾ ಬೇಗ ತುಂಬಿಸಿಬಿಡುತ್ತದೆ, ಬಟ್ಟೆಯ ನೆರಿಗೆಯೂ ಕಾಣದೆ ಬರೀ ಬಣ್ಣದ ಮುದ್ದೆ. ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ, ಹಿಸ್ಟೋಗ್ರಾಮ್‌ನಲ್ಲಿ, ಅಂದರೆ ಕ್ಯಾಮೆರಾ ತೋರಿಸುವ ಬೆಳಕಿನ ಗ್ರಾಫ್‌ನಲ್ಲಿ, ಕೆಂಪು ಚಾನೆಲ್ ಬೇರೆಯಾಗಿ ನೋಡಿ. ಫೋನ್‌ನಲ್ಲಿ ತೆಗೆಯುವವರು ಬಣ್ಣ ಏರಿಸುವ ವಿವಿಡ್ ಮೋಡ್ ಆಫ್ ಮಾಡಿ.

ಸ್ವಂತ ಸ್ಟುಡಿಯೋ ಇದ್ದು ಸಾಮಾನು ಹೊರುವ ಗೋಳಿಲ್ಲದಿದ್ದರೆ ಪೇಪರ್ ತಗೊಳ್ಳಿ, ನಾನು ಬೇಡ ಅನ್ನುವುದಿಲ್ಲ. ಕೇಕ್ ಸ್ಮ್ಯಾಶ್, ಅಂದರೆ ಮಗು ಕೇಕ್ ಕಲಸಿ ಮೆತ್ತಿಕೊಳ್ಳುವ ಫೋಟೋ, ಮಾತ್ರ ಮಾಡುವವರಿಗೆ ವಿನೈಲ್. ನನ್ನಂತೆ ಮನೆಮನೆ ಸುತ್ತುವವರು ಮೊದಲು ಅರಿಶಿನ ಹಳದಿ ಕೇಸ್ಮೆಂಟ್ ತಗೊಳ್ಳಿ, ಆಮೇಲೆ ನವಿಲು ನೀಲಿ. ಅಳತೆಗೆ ಅರ್ಧ ಮೀಟರ್ ಜಾಸ್ತಿಯೇ ಹೇಳಿ, ಒಗೆದ ಮೇಲೆ ಬಟ್ಟೆ ಕುಗ್ಗುತ್ತದೆ.