ಟಿವಿಯ ಪಕ್ಕಕ್ಕೊಂದು ಕಂಪ್ಯೂಟರ್: ಎಸ್.ಪಿ. ರಸ್ತೆಯಲ್ಲಿ 25,000 ರೂಪಾಯಿಗೆ ಸಿಗುವ ಮೂರು ದಾರಿಗಳ ವಿಮರ್ಶೆ

ಹೋಂ ಥಿಯೇಟರ್ ಕಂಪ್ಯೂಟರ್ ಬೇಕೆಂದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದವರಿಗೆ ಅಲ್ಲಿನ ಬಹುತೇಕ ಅಂಗಡಿಗಳು ಬರೆದುಕೊಡುವ ಕೊಟೇಶನ್ ಪ್ರೊಸೆಸರ್‌ನಿಂದ ಆರಂಭವಾಗಿ ಕ್ಯಾಬಿನೆಟ್‌ನಲ್ಲಿ ಮುಗಿಯುತ್ತದೆ. ಟಿವಿ ಯಾವುದು, ಅದರ ಹಿಂದೆ ಯಾವ ಯಾವ ಪೋರ್ಟ್‌ಗಳಿವೆ, ಧ್ವನಿ ಟಿವಿಯಿಂದಲೇ ಬರಬೇಕೋ ಸೌಂಡ್‌ಬಾರ್‌ನಿಂದಲೋ ಎಂದು ವಿಚಾರಿಸುವವರು ವಿರಳ. ಗಿರಾಕಿಗಳಲ್ಲಿ ಹೆಚ್ಚಿನವರು ಆಫೀಸಿನ ಕೆಲಸಕ್ಕೋ ಗೇಮಿಂಗ್‌ಗೋ ಕೊಳ್ಳುವವರಾದ್ದರಿಂದ ಅಂಗಡಿಯವರನ್ನು ದೂರುವಂತೆಯೂ ಇಲ್ಲ. ಆದರೆ ಸಿನಿಮಾ ನೋಡಲೆಂದೇ ಕೊಳ್ಳುವ ಯಂತ್ರದ ಲೆಕ್ಕವನ್ನು ಟಿವಿಯಿಂದ ಶುರುಮಾಡಿ ಪ್ರೊಸೆಸರ್ ಕಡೆಗೆ ಬರಬೇಕೇ ಹೊರತು ಅದರ ತಿರುವುಮುರುವಾಗಿ ಅಲ್ಲ. ನಮ್ಮ ಮನೆಯ 43 ಇಂಚಿನ 4ಕೆ ಟಿವಿಗೂ ಬಸವೇಶ್ವರನಗರದಲ್ಲಿರುವ ಅಕ್ಕನ ಮನೆಯ ಹಳೆಯ ಫುಲ್ ಎಚ್‌ಡಿ ಟಿವಿಗೂ ತಲಾ 25,000 ರೂಪಾಯಿ ಮೀರದಂತೆ ಒಂದೊಂದು ಕಂಪ್ಯೂಟರ್ ಕೊಳ್ಳುವ ಸಂದರ್ಭ ಬಂದದ್ದರಿಂದ, ಬಿಡಿಭಾಗಗಳನ್ನು ಕೂಡಿಸಿ ಮಾಡುವ ಯಂತ್ರ, ಕಂಪನಿಗಳು ಬಳಸಿ ಬಿಟ್ಟ ರೀಫರ್ಬಿಶ್ಡ್ ಪೆಟ್ಟಿಗೆ ಮತ್ತು ಹೊಸ ಮಿನಿ ಪಿಸಿ ಈ ಮೂರನ್ನೂ ಹತ್ತಿರದಿಂದ ನೋಡಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಬರೀ ಓಟಿಟಿ ನೋಡುವ ಉದ್ದೇಶವಿದ್ದರೆ ಕಂಪ್ಯೂಟರ್ ಕೊಳ್ಳುವುದು ದಂಡ. ನೆಟ್‌ಫ್ಲಿಕ್ಸ್‌ನ 4ಕೆ ಚಿತ್ರ ಕಂಪ್ಯೂಟರಿನಲ್ಲಿ ಮೂಡಬೇಕಾದರೆ ಪ್ರೀಮಿಯಂ ಚಂದಾ, ವಿಂಡೋಸ್‌ನ ಎಡ್ಜ್ ಬ್ರೌಸರ್ ಅಥವಾ ಅವರದೇ ಆ್ಯಪ್, ಎಚ್‌ಇವಿಸಿ (ವಿಡಿಯೊವನ್ನು ಕುಗ್ಗಿಸಿಡುವ ಒಂದು ವಿಧಾನ) ವಿಸ್ತರಣೆ, ಎಚ್‌ಡಿಸಿಪಿ 2.2 (ನಕಲು ತಡೆಯುವ ವ್ಯವಸ್ಥೆ) ಒಪ್ಪುವ ಸಂಪರ್ಕ ಇಷ್ಟೂ ಒಟ್ಟಿಗೆ ಕೂಡಿಬರಬೇಕು. ಲಿನಕ್ಸ್‌ನಲ್ಲಂತೂ ಆ ಸ್ಪಷ್ಟತೆ ಸಿಗುವುದೇ ಇಲ್ಲ. ಇದೇ ಕೆಲಸವನ್ನು ಟಿವಿಯೊಳಗಿನ ಆ್ಯಪ್ ಅಥವಾ ಕೆಲವು ಸಾವಿರ ರೂಪಾಯಿಯ ಸ್ಟಿಕ್ ಯಾವ ತಕರಾರೂ ಇಲ್ಲದೆ ಮಾಡುತ್ತದೆ. ಕಂಪ್ಯೂಟರ್ ಬೇಕಾಗುವುದು ಟಿವಿಯ ಕೈಯಲ್ಲಿ ಆಗದ ಕೆಲಸಗಳಿಗೆ: ಹಾರ್ಡ್ ಡಿಸ್ಕ್ ತುಂಬ ಕೂಡಿಟ್ಟ ಸ್ವಂತ ಸಂಗ್ರಹವನ್ನು ಪೋಸ್ಟರ್ ಸಮೇತ ಜೋಡಿಸಿಡಲು, ಟಿವಿ ‘ಈ ಫೈಲ್ ಬೆಂಬಲಿತವಲ್ಲ’ ಎಂದು ಕೈಚೆಲ್ಲುವ ಮದುವೆಯ ವಿಡಿಯೊ ತೋರಿಸಲು, ಕನ್ನಡ ಸಬ್‌ಟೈಟಲ್‌ನ ಒತ್ತಕ್ಷರಗಳು ಒಡೆಯದಂತೆ ಓದಲು, ಜಾಹೀರಾತಿನ ಕಾಟವಿಲ್ಲದ ಬ್ರೌಸರ್ ಬಳಸಲು. ಇವುಗಳಲ್ಲಿ ಯಾವುದಕ್ಕೂ ಆರೇಳು ಕೋರ್‌ಗಳ ಶಕ್ತಿ ಬೇಕಿಲ್ಲ. ಬೇಕಾಗಿರುವುದು ವಿಡಿಯೊವನ್ನು ಬಿಡಿಸಿ ತೋರಿಸುವ ಮೀಸಲು ಸರ್ಕ್ಯೂಟ್, ಅಂದರೆ ಹಾರ್ಡ್‌ವೇರ್ ಡಿಕೋಡರ್.

ಬೆಲೆಗಿಂತಲೂ ಮುಖ್ಯವಾದ ವಿಷಯ ಇದೇ. ಯೂಟ್ಯೂಬ್ ತನ್ನ 4ಕೆ ವಿಡಿಯೊಗಳನ್ನು ವಿಡಿಯೊ ಕುಗ್ಗಿಸುವ ಹಳೆಯ ವಿಧಾನವಾದ ಎಚ್.264ರಲ್ಲಿ ಕೊಡುವುದಿಲ್ಲ, ಹೊಸ ವಿಧಾನಗಳಾದ ವಿಪಿ9 ಅಥವಾ ಎವಿ1ರಲ್ಲಿ ಕೊಡುತ್ತದೆ. 4ಕೆ ಸಿನಿಮಾ ಫೈಲ್‌ಗಳು ಸಾಮಾನ್ಯವಾಗಿ ಎಚ್‌ಇವಿಸಿಯ 10 ಬಿಟ್ (ಹೆಚ್ಚು ಬಣ್ಣದ ಛಾಯೆಗಳಿರುವ) ರೂಪದಲ್ಲಿರುತ್ತವೆ. ಇಂಟೆಲ್‌ನ 7ನೇ ತಲೆಮಾರಿನಿಂದ ಮುಂದಿನ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್ 10 ಬಿಟ್ ಎಚ್‌ಇವಿಸಿ ಮತ್ತು ವಿಪಿ9 ಎರಡನ್ನೂ ಪೂರ್ತಿಯಾಗಿ ಬಿಡಿಸಬಲ್ಲದು. ಎವಿ1 ಬೇಕೆಂದರೆ 11ನೇ ತಲೆಮಾರಿನವರೆಗೆ ಬರಬೇಕು. ಎಎಂಡಿಯ ಜನಪ್ರಿಯ ರೈಜನ್ 5600ಜಿ ಎಷ್ಟೇ ಬಲಶಾಲಿಯಾದರೂ ಅದರಲ್ಲಿ ಎವಿ1 ಡಿಕೋಡರ್ ಇಲ್ಲ, ಆದರೆ ಅದಕ್ಕಿಂತ ಎಷ್ಟೋ ಅಗ್ಗದ ಇಂಟೆಲ್ ಎನ್100ನಲ್ಲಿ ಇದೆ. ಡಿಕೋಡರ್ ಇಲ್ಲದ ಕಡೆ ಆ ಕೆಲಸ ಪ್ರೊಸೆಸರ್‌ನ ತಲೆಗೆ ಬೀಳುತ್ತದೆ. ಚಿತ್ರ ತಡವರಿಸದಿದ್ದರೂ ಫ್ಯಾನ್ ಗುಯ್‌ಗುಡತೊಡಗುತ್ತದೆ, ಮೆಲುದನಿಯ ಸಂಭಾಷಣೆಯ ದೃಶ್ಯದಲ್ಲಿ ಅದೇ ದೊಡ್ಡದಾಗಿ ಕೇಳಿಸುತ್ತದೆ.

ಬಿಡಿಭಾಗ ಕೊಂಡು ಅಸೆಂಬಲ್ ಮಾಡಿಸುವ ದಾರಿಯನ್ನು ಈ ಬಜೆಟ್‌ಗೆ ನಾನು ಶಿಫಾರಸು ಮಾಡುವುದಿಲ್ಲ. 2025ರ ಕೊನೆಯ ತಿಂಗಳುಗಳಿಂದ, ಎಐ ಡೇಟಾ ಸೆಂಟರ್‌ಗಳ ಬೇಡಿಕೆಯ ಬಿಸಿಗೆ, ರ‍್ಯಾಮ್ ಬೆಲೆ ಏರಿ ಕುಳಿತಿರುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಕೊಟೇಶನ್‌ನಲ್ಲಿ ಅಡಗಿರುವ ಒಂದು ಅಕ್ಷರ. ನಾನು ವಿಚಾರಿಸಿದ ಒಂದು ಅಂಗಡಿಯಲ್ಲಿ ಐ3-12100 ಕೇಳಿದರೆ ಚೀಟಿಯಲ್ಲಿ 12100ಎಫ್ ಎಂದು ಬರೆದು, ಅದರ ಕೆಳಗೆ ಜಿಟಿ 710 ಗ್ರಾಫಿಕ್ಸ್ ಕಾರ್ಡ್ ಸೇರಿಸಿದ್ದರು. ‘ಕಾರ್ಡ್ ಹಾಕ್ಬಿಡಿ ಸರ್, ಸಿನಿಮಾ ಇನ್ನೂ ಚೆನ್ನಾಗಿ ಬರುತ್ತೆ’ ಎಂಬುದು ವಿವರಣೆ. ಎಫ್ ಅಕ್ಷರದ ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಭಾಗ ಕೆಲಸ ಮಾಡುವುದಿಲ್ಲವಾದ್ದರಿಂದ ಬೇರೆ ಕಾರ್ಡ್ ಅನಿವಾರ್ಯವಾಗುತ್ತದೆ, ಮತ್ತು ಹೀಗೆ ಸೇರಿಕೊಳ್ಳುವ ಜಿಟಿ 710 ಎಚ್‌ಇವಿಸಿ ಬಿಡಿಸಲಾರದು, 4ಕೆ ಟಿವಿಗೆ ಸೆಕೆಂಡಿಗೆ 30 ಫ್ರೇಮ್‌ಗಳಿಗಿಂತ ಹೆಚ್ಚು ಕಳಿಸಲಾರದು. ಎಫ್ ಇಲ್ಲದ ಸಾದಾ 12100ರ ಒಳಗಿರುವ ಯುಎಚ್‌ಡಿ 730 ಈ ಎರಡೂ ಕೆಲಸವನ್ನು, ಎವಿ1ನ್ನೂ ಸೇರಿಸಿ, ಪುಕ್ಕಟೆಯಾಗಿ ಮಾಡುತ್ತದೆ. ಅಸೆಂಬಲ್ ಮಾಡಿಸಲೇಬೇಕು ಎನ್ನುವವರು, ನಾಲ್ಕಾರು ದೊಡ್ಡ ಹಾರ್ಡ್ ಡಿಸ್ಕ್‌ಗಳನ್ನು ಒಳಗೇ ಇಡುವ ಆಸೆಯುಳ್ಳವರಿಗೆ ಅದು ಸರಿಯೂ ಹೌದು, ಸಾದಾ 12100 ಕೊಂಡು, ಎಚ್610 ಮದರ್‌ಬೋರ್ಡ್‌ನ ಎಚ್‌ಡಿಎಂಐ ಪೋರ್ಟ್ ಯಾವ ಆವೃತ್ತಿಯದೆಂದು ಡಬ್ಬಿಯ ಮೇಲೆ ಓದಿ ನೋಡಬೇಕು. 1.4 ಎಂದಿದ್ದರೆ ಆ ಬೋರ್ಡ್ ಬೇಡ, ಏಕೆಂದರೆ 4ಕೆ ಚಿತ್ರವನ್ನು 60 ಹರ್ಟ್ಸ್‌ನಲ್ಲಿ ಕಳಿಸಲು ಕನಿಷ್ಠ 2.0 ಬೇಕು. ಕ್ಯಾಬಿನೆಟ್ ಜೊತೆ ‘ಫ್ರೀ’ ಎಂದು ಕೊಡುವ ಹೆಸರಿಲ್ಲದ ಎಸ್‌ಎಂಪಿಎಸ್‌ (ವಿದ್ಯುತ್ ಪೂರೈಸುವ ಘಟಕ) ಅನ್ನು ಅಲ್ಲೇ ಬಿಟ್ಟು ಬರುವುದು ಲೇಸು.

ರೀಫರ್ಬಿಶ್ಡ್ ಪೆಟ್ಟಿಗೆಗಳ ವಿಷಯ ಬೇರೆ. ಲೀಸ್ ಮುಗಿದ ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ, ಲೆನೊವೊ ಥಿಂಕ್‌ಸೆಂಟರ್ ಟೈನಿ ಯಂತ್ರಗಳು ಐಟಿ ಕಂಪನಿಗಳ ಈ ಊರಿನಲ್ಲಿ ರಾಶಿಗಟ್ಟಲೆ ಸಿಗುತ್ತವೆ. ದಪ್ಪ ಪುಸ್ತಕದಷ್ಟೇ ಗಾತ್ರ, ಗಟ್ಟಿ ಲೋಹದ ಮೈ, ಆಫೀಸಿನಲ್ಲಿ ವರ್ಷಗಟ್ಟಲೆ ಓಡಲೆಂದೇ ಮಾಡಿದ ಒಳಭಾಗಗಳು. ಕೊಳ್ಳುವುದಾದರೆ 8ನೇ ತಲೆಮಾರಿಗಿಂತ ಹಳೆಯದು ಬೇಡ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ 8ನೇ ತಲೆಮಾರಿನಿಂದ. 6 ಮತ್ತು 7ನೇ ತಲೆಮಾರಿನವು ಈಗ ಅಗ್ಗವಾಗಿ ಕಾಣುತ್ತಿರುವುದಕ್ಕೆ ಇದೂ ಒಂದು ಕಾರಣ. ಅಕ್ಕನ ಮನೆಗೆ ಆರಿಸಿದ್ದು ಐ5-8500ಟಿ ಇರುವ ಡೆಲ್ ಪೆಟ್ಟಿಗೆ. ಕೊನೆಯ ಟಿ ಅಕ್ಷರ 35 ವ್ಯಾಟ್‌ನ ತಣ್ಣನೆಯ ಮಾದರಿ ಎಂಬುದರ ಗುರುತು. ಹಾಲ್‌ನಲ್ಲಿ ಇಡುವ ಯಂತ್ರಕ್ಕೆ ಅದೇ ಬೇಕು.

ಇಂಥ ಪೆಟ್ಟಿಗೆಯನ್ನು ಕೌಂಟರ್ ಬಿಟ್ಟು ಹೊರಡುವ ಮುನ್ನ ಪರೀಕ್ಷಿಸಲೇಬೇಕು, ಅದಕ್ಕೆ ಮದುವೆ ವಿಡಿಯೊಗ್ರಾಫರ್ ಕೊಟ್ಟ ಪೆನ್ ಡ್ರೈವ್‌ಗಿಂತ ಒಳ್ಳೆಯ ಸಾಧನವಿಲ್ಲ. ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್‌ನಲ್ಲಿ ಅದನ್ನು ಓಡಿಸಿ, ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು ಮೇಲೆ ಒತ್ತಿದರೆ ‘ವಿಡಿಯೊ ಡಿಕೋಡ್’ ಎಂಬ ಗೆರೆ ಕಾಣುತ್ತದೆ. ಆ ಗೆರೆ ಮೇಲೆದ್ದು ಸಿಪಿಯು ಗೆರೆ ನೆಲಕ್ಕಂಟಿಕೊಂಡಿದ್ದರೆ ಎಲ್ಲವೂ ಸರಿಯಿದೆ. ಡಿಕೋಡ್ ಗೆರೆ ಚಪ್ಪಟೆಯಾಗಿದ್ದು ಸಿಪಿಯು ಏದುಸಿರು ಬಿಡುತ್ತಿದ್ದರೆ ಗ್ರಾಫಿಕ್ಸ್ ಡ್ರೈವರ್ ಇಲ್ಲ ಎಂದೋ ಆ ಫೈಲ್‌ನ ಮಾದರಿ ಡಿಕೋಡರ್‌ಗೆ ಗೊತ್ತಿಲ್ಲ ಎಂದೋ ಅರ್ಥ. ನಂತರ ಯಂತ್ರವನ್ನು ತಿರುಗಿಸಿ ಹಿಂಭಾಗ ನೋಡಬೇಕು. ನನಗೆ ತೋರಿಸಿದ ಪೆಟ್ಟಿಗೆಯಲ್ಲಿ ಎರಡು ಡಿಸ್‌ಪ್ಲೇಪೋರ್ಟ್ ಇದ್ದವು, ಎಚ್‌ಡಿಎಂಐ ಇರಲಿಲ್ಲ. ಫುಲ್ ಎಚ್‌ಡಿ ಟಿವಿಗೆ ಸಾಧಾರಣ ಕನ್ವರ್ಟರ್ ಸಾಕಾಗುತ್ತದೆ. 4ಕೆ 60 ಹರ್ಟ್ಸ್ ಬೇಕಾದವರು ‘ಆ್ಯಕ್ಟಿವ್’ ಎಂದು ಬರೆದಿರುವ ಎಚ್‌ಡಿಎಂಐ 2.0 ಕನ್ವರ್ಟರ್ ಅನ್ನೇ ಕೇಳಿ ಕೊಳ್ಳಬೇಕು. ಮುಚ್ಚಳ ತೆಗೆಸಿ ರ‍್ಯಾಮ್ ನೋಡುವುದೂ ಒಳ್ಳೆಯದು: ಒಂದೇ 8 ಜಿಬಿ ತುಂಡಿಗಿಂತ 4 ಜಿಬಿಯ ಎರಡು ತುಂಡುಗಳಿದ್ದರೆ ಒಳಗಿನ ಗ್ರಾಫಿಕ್ಸ್‌ಗೆ ಎರಡು ದಾರಿಯಿಂದ ಮೆಮೊರಿ ಸಿಗುತ್ತದೆ.

ಅಡಾಪ್ಟರ್ ವಿಷಯದಲ್ಲಿ ಮಾತ್ರ ಆ ಅಂಗಡಿಯ ಮೇಲೆ ನನಗೆ ಅಸಮಾಧಾನವಿದೆ. ಡೆಲ್ ಯಂತ್ರಗಳು ತಮ್ಮ ಅಡಾಪ್ಟರ್ ಅನ್ನು ಪಿನ್‌ನ ಮೂಲಕ ಗುರುತು ಹಿಡಿಯುತ್ತವೆ, ಗುರುತು ಸಿಗದಿದ್ದರೆ ಆನ್ ಆಗುವಾಗಲೇ ಎಚ್ಚರಿಕೆ ತೋರಿಸಿ ವೇಗ ತಗ್ಗಿಸಿಕೊಳ್ಳುತ್ತವೆ. ಪೆಟ್ಟಿಗೆಯೊಂದಿಗೆ ಕೊಟ್ಟದ್ದು ನಕಲಿ ಅಡಾಪ್ಟರ್. ಪರದೆಯ ಮೇಲಿನ ಎಚ್ಚರಿಕೆಯನ್ನು ಸಿಬ್ಬಂದಿ ‘ಎಫ್1 ಒತ್ತಿದ್ರೆ ಹೋಗುತ್ತೆ’ ಎಂದು ತೇಲಿಸಿದರು. ಹಣ ಕೊಡುವ ಮೊದಲೇ ಇದನ್ನು ಹಿಡಿದದ್ದರಿಂದ ಅಸಲಿ ಅಡಾಪ್ಟರ್ ಬಂತು, ಆದರೆ ಒಳಗಿನ ಕೋಣೆಯಿಂದ ಅದು ಹೊರಬರಲು ಒಂದು ಗಂಟೆ ವಾದ ಬೇಕಾಯಿತು. ಅದರಾಚೆಗೆ ಯಂತ್ರದ ಬಗ್ಗೆ ದೂರಿಲ್ಲ. ಅಕ್ಕನ ಟಿವಿ ಫುಲ್ ಎಚ್‌ಡಿಯಾದ್ದರಿಂದ ಎವಿ1 ಇಲ್ಲದಿರುವುದು ಬಾಧಿಸುವುದಿಲ್ಲ, ಆ ಅಳತೆಯ ಎವಿ1 ವಿಡಿಯೊವನ್ನು ಆರು ಕೋರ್‌ಗಳು ತಾವೇ ನಿಭಾಯಿಸುತ್ತವೆ. ಎಚ್‌ಡಿಆರ್ (ಬೆಳಕು-ನೆರಳನ್ನು ಹೆಚ್ಚು ವಿಸ್ತಾರವಾಗಿ ತೋರಿಸುವ ವಿಧಾನ) ಇರುವ 4ಕೆ ಟಿವಿಗೆ ಮಾತ್ರ ಈ ತಲೆಮಾರನ್ನು ನಾನು ಹೇಳಲಾರೆ. ಕನ್ವರ್ಟರ್ ನಡುವೆ ಬಂದ ಮೇಲೆ ಎಚ್‌ಡಿಆರ್ ಸರಿಯಾಗಿ ದಾಟುತ್ತದೆಂಬ ಭರವಸೆಯಿಲ್ಲ.

ನಮ್ಮ ಮನೆಗೆ ತಂದದ್ದು ಎನ್100 ಇರುವ ಮಿನಿ ಪಿಸಿ. 2023ರಲ್ಲಿ ಬಂದ ಈ ಚಿಪ್‌ಗೆ ನಾಲ್ಕೇ ಕೋರ್, ಹೆಸರಿಗೆ 6 ವ್ಯಾಟ್. ಅಂಗಡಿಯವರು ಮೂಗು ಮುರಿಯುವುದೂ ಅದಕ್ಕೇ. ಆದರೆ ಟಿವಿಯ ಎದುರು ಅದರ ನಡತೆ ಬಹಳ ಹಸನು. ಯೂಟ್ಯೂಬ್‌ನ 4ಕೆ ಎವಿ1, 10 ಬಿಟ್ ಎಚ್‌ಇವಿಸಿ, ಎಚ್‌ಡಿಆರ್ ಎಲ್ಲವೂ ಒಂದೇ ಎಚ್‌ಡಿಎಂಐ ಕೇಬಲ್‌ನಲ್ಲಿ ತಡೆಯಿಲ್ಲದೆ ಸಾಗುತ್ತವೆ. ಕೊರತೆಗಳೂ ಇವೆ. ರ‍್ಯಾಮ್‌ಗೆ ಒಂದೇ ದಾರಿ, ಹತ್ತಿಪ್ಪತ್ತು ಟ್ಯಾಬ್ ತೆರೆದ ಬ್ರೌಸರ್‌ನಲ್ಲಿ ಅದು ಬಳಲುವುದು ಗೊತ್ತಾಗುತ್ತದೆ. ಚಿಕ್ಕ ಫ್ಯಾನ್‌ನ ಸದ್ದು ಸಣ್ಣದಾದರೂ ಕೀಚಲು. ತಯಾರಕರು ವೇಗ ತೋರಿಸಲು ವಿದ್ಯುತ್ ಮಿತಿಯನ್ನು ಎತ್ತರಿಸಿಟ್ಟಿದ್ದರು, ಬಯಾಸ್‌ಗೆ (ಯಂತ್ರದ ಮೂಲ ಸೆಟ್ಟಿಂಗ್‌ಗಳಿಗೆ) ಹೋಗಿ ಅದನ್ನು ಇಳಿಸಿದ ಮೇಲೆ ಸೋಫಾದವರೆಗೆ ಸದ್ದು ಬರುವುದು ನಿಂತಿತು, ವಿಡಿಯೊದಲ್ಲಿ ಯಾವ ವ್ಯತ್ಯಾಸವೂ ಆಗಲಿಲ್ಲ. ಮೊದಲೇ ಹಾಕಿ ಕೊಟ್ಟಿದ್ದ ವಿಂಡೋಸ್‌ನ ಪರವಾನಗಿ ಸಂಸ್ಥೆಗಳಿಗೆ ಕೊಡುವ ವಾಲ್ಯೂಮ್ ಮಾದರಿಯದಾಗಿತ್ತು. ಅಗ್ಗದ ಮಿನಿ ಪಿಸಿಗಳಲ್ಲಿ ಇದನ್ನು ನೋಡಿಕೊಳ್ಳಬೇಕು. ಅದನ್ನು ಅಳಿಸಿ ಲಿಬ್ರೆಎಲೆಕ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದ್ದೇನೆ. ಆನ್ ಆದ ಕೂಡಲೇ ಸಿನಿಮಾ ಜೋಡಿಸಿ ತೋರಿಸುವ ಕೋಡಿ ತಂತ್ರಾಂಶದ ಮುಖಪುಟವೇ ಬರುತ್ತದೆ, ಬೇರೇನೂ ಇಲ್ಲ. ಕೋಡಿಯಲ್ಲಿ ‘ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್’ ಎಂಬುದನ್ನು ಆನ್ ಮಾಡಿದರೆ ಸೆಕೆಂಡಿಗೆ 24 ಫ್ರೇಮ್‌ಗಳ ಸಿನಿಮಾಕ್ಕೆ ಟಿವಿಯೂ ಹೊಂದಿಕೊಳ್ಳುತ್ತದೆ. ಇಲ್ಲವಾದರೆ 60 ಹರ್ಟ್ಸ್‌ನಲ್ಲಿ ಒಂದು ಫ್ರೇಮ್ ಮೂರು ಬಾರಿ, ಮುಂದಿನದು ಎರಡು ಬಾರಿ ಮೂಡುತ್ತ, ಕ್ಯಾಮೆರಾ ನಿಧಾನವಾಗಿ ಅಡ್ಡ ಸಾಗುವ ದೃಶ್ಯಗಳಲ್ಲಿ ಚಿತ್ರ ಕುಂಟುತ್ತದೆ. ಅಕ್ಕನ ಮನೆಯಲ್ಲಿ ವಿಂಡೋಸ್ ಉಳಿಸಿಕೊಂಡಿರುವುದರಿಂದ ವಿಎಲ್‌ಸಿಯ ಸಬ್‌ಟೈಟಲ್ ಫಾಂಟನ್ನು ನಿರ್ಮಲಾ ಯುಐ ಎಂದೂ ಎನ್‌ಕೋಡಿಂಗನ್ನು ಯುಟಿಎಫ್-8 ಎಂದೂ ಬದಲಿಸಿದೆ, ಕನ್ನಡ ಚೆನ್ನಾಗಿ ಮೂಡುತ್ತಿದೆ.

ಧ್ವನಿಯ ಬಗ್ಗೆ ಹೇಳುವುದು ಸ್ವಲ್ಪವೇ. ಕಂಪ್ಯೂಟರಿನಿಂದ ಟಿವಿಗೆ, ಟಿವಿಯ ಎಆರ್‌ಸಿ ಪೋರ್ಟ್‌ನಿಂದ (ಧ್ವನಿಯನ್ನು ಹೊರಗೂ ಕಳಿಸುವ ಎಚ್‌ಡಿಎಂಐ ಪೋರ್ಟ್) ಸೌಂಡ್‌ಬಾರ್‌ಗೆ ಡಾಲ್ಬಿ ಡಿಜಿಟಲ್ ಹೋಗುತ್ತದೆ. ಬ್ಲೂ-ರೇ ಮಟ್ಟದ ಟ್ರೂಎಚ್‌ಡಿ ಧ್ವನಿ ಬೇಕೆಂದರೆ ಟಿವಿ, ಸೌಂಡ್‌ಬಾರ್ ಎರಡೂ ಕಡೆ ಎಆರ್‌ಸಿಯ ಸುಧಾರಿತ ರೂಪವಾದ ಇ-ಎಆರ್‌ಸಿ ಇರಬೇಕು. ಇದಕ್ಕಾಗಿ ಸೌಂಡ್ ಕಾರ್ಡ್ ಕೊಳ್ಳುವ ಅಗತ್ಯವಿಲ್ಲ. ಸಿನಿಮಾ ಸಂಗ್ರಹಕ್ಕೆ ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಹೊರಗೇ ಇರಲಿ, ಒಳಗೆ 256 ಜಿಬಿ ಎಸ್‌ಎಸ್‌ಡಿ ಸಾಕು.

ಎಸ್.ಪಿ. ರಸ್ತೆಯ ಬಗ್ಗೆ ಒಟ್ಟಾರೆ ಹೇಳುವುದಾದರೆ, ಬೆಲೆಯಲ್ಲಿ ಚೌಕಾಸಿಗೆ ಜಾಗವಿದೆ, ವಸ್ತುವನ್ನು ಕೈಯಲ್ಲಿ ಹಿಡಿದು ಓಡಿಸಿ ನೋಡುವ ಅವಕಾಶವಿದೆ, ಇದು ಆನ್‌ಲೈನ್‌ನಲ್ಲಿ ಇಲ್ಲದ ಸೌಲಭ್ಯ. ಗಾಡಿ ನಿಲ್ಲಿಸುವ ಆಸೆ ಬಿಟ್ಟು ಹಸಿರು ಮಾರ್ಗದ ಮೆಟ್ರೊದಲ್ಲಿ ಚಿಕ್ಕಪೇಟೆ ಅಥವಾ ಕೆ.ಆರ್. ಮಾರ್ಕೆಟ್ ನಿಲ್ದಾಣಕ್ಕೆ ಬಂದು ನಡೆಯುವುದು ವಾಸಿ. ‘ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀವಿ’ ಎಂಬ ಮಾತಿಗೆ ಒಪ್ಪಬಾರದು. ಉಳಿಯುವುದು 18 ಪ್ರತಿಶತ ಜಿಎಸ್‌ಟಿಯಾದರೂ ಹೋಗುವುದು ವಾರಂಟಿ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಸಮೇತ ಬರೆಸಿಕೊಳ್ಳಬೇಕು, ರೀಫರ್ಬಿಶ್ಡ್ ಆಗಿದ್ದರೆ ವಾರಂಟಿ ಎಷ್ಟು ತಿಂಗಳು, ಅಡಾಪ್ಟರ್‌ಗೂ ಇದೆಯೇ ಎಂಬುದನ್ನೂ.

ಕಡೆಯದಾಗಿ, ರಿಮೋಟ್‌ಗೆಂದು ಸ್ವಲ್ಪ ಹಣ ತೆಗೆದಿಡಬೇಕು. ಟಿವಿಯ ರಿಮೋಟ್‌ನಿಂದಲೇ ಬೇರೆ ಸಾಧನಗಳನ್ನು ನಡೆಸುವ ಎಚ್‌ಡಿಎಂಐ-ಸಿಇಸಿ ಸೌಲಭ್ಯ ಬಹುತೇಕ ಕಂಪ್ಯೂಟರ್‌ಗಳಲ್ಲಿ ಇಲ್ಲ, ಹಾಗಾಗಿ ಯುಎಸ್‌ಬಿ ರಿಸೀವರ್ ಇರುವ ಏರ್ ಮೌಸ್ (ಗಾಳಿಯಲ್ಲಿ ಆಡಿಸಿದರೆ ಪರದೆಯ ಬಾಣ ಚಲಿಸುವ) ರಿಮೋಟ್ ಕೊಳ್ಳಬೇಕಾಗುತ್ತದೆ. ಅದು ಯಂತ್ರವನ್ನು ಆಫ್ ಮಾಡುತ್ತದೆ, ಪೂರ್ತಿ ಆಫ್ ಆದದ್ದನ್ನು ಎಬ್ಬಿಸುವುದು ಹಲವು ಪೆಟ್ಟಿಗೆಗಳಲ್ಲಿ ಅದರಿಂದ ಆಗುವುದಿಲ್ಲ. ಬಯಾಸ್‌ನಲ್ಲಿ ವಿದ್ಯುತ್ ಮರಳಿದಾಗ ತಾನೇ ಆನ್ ಆಗುವ ಆಯ್ಕೆಯನ್ನು ಒಪ್ಪಿಸಿಟ್ಟರೆ ಗೋಡೆಯ ಸ್ವಿಚ್ ಹಾಕಿದ ಕೂಡಲೇ ಪೆಟ್ಟಿಗೆ ಎದ್ದುಕೊಳ್ಳುತ್ತದೆ, ಮನೆಯ ಹಿರಿಯರಿಗೂ ಕಷ್ಟವಾಗುವುದಿಲ್ಲ. ಆರಿಸುವಾಗ ಮಾತ್ರ ಮೊದಲು ರಿಮೋಟ್‌ನಿಂದ ಷಟ್‌ಡೌನ್ ಮಾಡಿ, ದೀಪ ಆರಿದ ಮೇಲೆ ಸ್ವಿಚ್ ತೆಗೆಯಬೇಕು.