ಸಣ್ಣ ವಿಮಾನಕ್ಕೆ ಯಾವ ಸಿಒ ಮೀಟರ್? ಕಾರ್ಡ್, ಮನೆ ಅಲಾರಂ, ಕ್ಲಿಪ್ ಮೀಟರ್, ಹೆಡ್‌ಸೆಟ್

"ಬಳ್ಳಾರಿ ಬಿಸಿಲಲ್ಲಿ ಹೀಟರ್ ಯಾರು ಹಾಕ್ತಾರೆ? ನಿಮಗ್ಯಾಕೆ ಕಾರ್ಬನ್ ಮಾನಾಕ್ಸೈಡ್ (ಸಿಒ) ಚಿಂತೆ?" ಅಂತ ಕೇಳುವವರೇ ಜಾಸ್ತಿ. ಆದರೆ ಡಿಸೆಂಬರ್ ಬೆಳಿಗ್ಗೆ ತೋರಣಗಲ್ಲಿನಿಂದ ಸೆಸ್ನಾ 172 ಹಾರಿಸಿಕೊಂಡು 8,000 ಅಡಿಗೆ ಹೋದರೆ, ನೆಲಕ್ಕಿಂತ ಹನ್ನೆರಡು-ಹದಿಮೂರು ಡಿಗ್ರಿ ತಂಪಿರುತ್ತದೆ. ಹೀಟರ್ ಬೇಕೇ ಬೇಕು. ಆ ಬಿಸಿಗಾಳಿ ಬರುವುದು ಎಂಜಿನ್ನಿನ ಸೈಲೆನ್ಸರ್ ಮೈ ಸವರಿಕೊಂಡು. ಅಲ್ಲೊಂದು ಬಿರುಕು ಬಿಟ್ಟರೆ ಹೊಗೆಯಲ್ಲಿನ ಈ ವಿಷಾನಿಲ ನೇರ ಕ್ಯಾಬಿನ್ನಿಗೆ.

ಹೀಟರ್ ಹಾಕದಿದ್ದರೂ ಅಪಾಯ ಇದ್ದೇ ಇದೆ. 2017ರ ಡಿಸೆಂಬರ್ 31ರಂದು ಸಿಡ್ನಿ ಹತ್ತಿರ ಒಂದು ಬೀವರ್ ವಿಮಾನ ನೀರಿಗೆ ಬಿದ್ದು ಆರು ಜನ ತೀರಿಕೊಂಡರು. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಯ ಫಲಕದಲ್ಲಿ ಕೆಲವು ಬೋಲ್ಟ್ ಇರಲಿಲ್ಲ, ಆ ತೂತುಗಳಿಂದ ಅನಿಲ ಒಳಗೆ ಬಂದಿತ್ತು ಅಂತ ತನಿಖೆ ಹೇಳಿತು.

ಸಿಒ ಪತ್ತೆಗೆ ನಾನು ಮೊದಲು ಬಳಸಿದ್ದು ಅಂಟಿಸುವ ಕಾರ್ಡ್. ಅಗ್ಗ, ಬ್ಯಾಟರಿ ಬೇಡ. ಅನಿಲ ತಾಗಿದರೆ ನಡುವಿನ ಬೊಟ್ಟು ಕಪ್ಪಾಗುತ್ತದೆ. ಆದರೆ ಅದನ್ನು ನೀವೇ ನೋಡಬೇಕು. ಈ ಅನಿಲ ಮೊದಲು ಮಂಕು ಮಾಡುವುದೇ ನೋಡುವವರ ತಲೆಯನ್ನು, ಅಲ್ವಾ? ಕಾರ್ಡಿಗೆ ಅವಧಿಯೂ ಇದೆ. ತೆರೆದ ದಿನಾಂಕ ಬರೆಯದೆ ಬಿಟ್ಟ ಹಳೇ ಕಾರ್ಡುಗಳನ್ನು ಎಷ್ಟೋ ವಿಮಾನಗಳಲ್ಲಿ ಕಂಡಿದ್ದೇನೆ. ಅವು ಇದ್ದೂ ಇಲ್ಲದ ಹಾಗೆ.

ಮನೆಗೆ ಹಾಕುವ ಅಲಾರಂ ಮಲಗುವ ಕೋಣೆಗೆ ಒಳ್ಳೆಯದು, ವಿಮಾನಕ್ಕಲ್ಲ. ಅಮೆರಿಕದ ಯುಎಲ್ 2034 ಮಾನದಂಡದ ಪ್ರಕಾರ 70 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 70 ಭಾಗ ಸಿಒ) ಇದ್ದರೆ ಅದು ಕೂಗಬೇಕಾದದ್ದು ಒಂದರಿಂದ ನಾಲ್ಕು ತಾಸಿನ ಒಳಗೆ. ಅಷ್ಟರಲ್ಲಿ ನಾನು ಬೆಂಗಳೂರಿನ ಜಕ್ಕೂರಿನಲ್ಲಿ ಇಳಿದೇ ಬಿಟ್ಟಿರುತ್ತೇನೆ. ಇಳಿಯುವಷ್ಟು ಎಚ್ಚರ ಉಳಿದಿದ್ದರೆ! ಅದೂ ಅಲ್ಲದೆ, ಹೆಡ್‌ಸೆಟ್ ಹಾಕಿದ ಮೇಲೆ ಅದರ ಕೂಗು ಎಂಜಿನ್ ಸದ್ದಿನಲ್ಲಿ ಮುಳುಗಿ ಹೋಗುತ್ತದೆ.

ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಸಾಕು ಅನ್ನುವವರಿಗೊಂದು ಮಾತು: ದಯವಿಟ್ಟು ಅದನ್ನು ನಂಬಬೇಡಿ. ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತ ಅಂತಲೇ ಓದುತ್ತದೆ. ಒಳಗೆ ವಿಷ ಏರುತ್ತಿದ್ದರೂ 98 ತೋರಿಸಬಹುದು.

ನನ್ನ ಆಯ್ಕೆ ಸಿಕ್ಕಿದ್ದು ಮನೆಯಲ್ಲೇ. ನಮ್ಮ ಭಾವ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಬ್ಲಾಸ್ಟ್ ಫರ್ನೇಸ್ (ಕಬ್ಬಿಣದ ಕುಲುಮೆ) ಅನಿಲದಲ್ಲಿ ಸುಮಾರು ಐದನೇ ಒಂದು ಭಾಗ ಇದೇ ಸಿಒ. ಅದಕ್ಕೇ ಅಲ್ಲಿನವರು ಅಂಗಿಗೆ ಒಂದು ಪುಟ್ಟ ಮೀಟರ್ ಸಿಕ್ಕಿಸಿಕೊಂಡೇ ಒಳಗೆ ಹೋಗುತ್ತಾರೆ. ಅಂಥದ್ದೇ ಒಂದನ್ನು ಕೊಂಡು ಸೀಟ್ ಬೆಲ್ಟಿನ ಭುಜದ ಪಟ್ಟಿಗೆ ಸಿಕ್ಕಿಸಿದೆ. 35 ಪಿಪಿಎಂ ದಾಟಿದರೆ ಕೂಗುತ್ತದೆ, ಮಿನುಗುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಎದೆಯ ಮೇಲೆ ನಡುಗುತ್ತದೆ. ಆ ನಡುಕ ಯಾವ ಸದ್ದಿನಲ್ಲೂ ತಪ್ಪುವುದಿಲ್ಲ. ಹಿಂಗಾಳಿಯಲ್ಲಿ ಟ್ಯಾಕ್ಸಿ ಮಾಡುವಾಗ (ನೆಲದ ಮೇಲೆ ವಿಮಾನ ನಡೆಸುವಾಗ) ನಮ್ಮದೇ ಹೊಗೆ ಒಳಗೆ ಬಂದು ಅಂಕಿ ಹತ್ತರ ಆಸುಪಾಸು ಏರುತ್ತದೆ. ಮೇಲೆ ಹೋದ ಮೇಲೆ ಸೊನ್ನೆ. ಈ ಏರಿಳಿತ ಪರಿಚಯ ಆದ ಮೇಲೆ, ಹಾರಾಟದಲ್ಲಿ 12 ಕಂಡರೂ ಏನೋ ಸರಿಯಿಲ್ಲ ಅಂತ ಗೊತ್ತಾಗುತ್ತದೆ. ಕಾರ್ಡು ಇದನ್ನು ಹೇಳುವುದೇ ಇಲ್ಲ.

ಗೆಳೆಯರ ಲೈಟ್‌ಸ್ಪೀಡ್ ಡೆಲ್ಟಾ ಜುಲು ಹೆಡ್‌ಸೆಟ್ಟನ್ನೂ ಹಾಕಿ ನೋಡಿದೆ. ಸಿಒ ಸೆನ್ಸರ್ ಅದರಲ್ಲೇ ಇದೆ, ಎಚ್ಚರಿಕೆ ನೇರ ಕಿವಿಯಲ್ಲೇ ಹೇಳುತ್ತದೆ. ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನಾನು ಕಂಡಿಲ್ಲ. ಆದರೆ ಬೆಲೆ ಲಕ್ಷದ ಹತ್ತಿರ. ಹೇಗೂ ಹೊಸ ಹೆಡ್‌ಸೆಟ್ ಕೊಳ್ಳುವವರು ಇದನ್ನೇ ನೋಡಲಿ. ಉಳಿದವರಿಗೆ ಕ್ಲಿಪ್ ಮೀಟರೇ ಸರಿ.

ಕೊಂಡ ಮೇಲೆ ನಮ್ಮ ಬಿಸಿಲಿಗೆ ಹುಷಾರು. ಬಾಗಿಲು ಮುಚ್ಚಿದ ಕಾಕ್‌ಪಿಟ್ಟಿನಲ್ಲಿ ಬಿಟ್ಟು ಬಂದರೆ ಸೆನ್ಸರ್ ಬೇಗ ಹಾಳಾಗುತ್ತದೆ, ಬ್ಯಾಗಿನಲ್ಲಿ ಮನೆಗೆ ತನ್ನಿ. ಬಳಸಿ ಬಿಸಾಡುವ ಮಾದರಿಗಳು ಸಾಮಾನ್ಯವಾಗಿ ಎರಡು ವರ್ಷಕ್ಕೆ ಮುಗಿಯುತ್ತವೆ. ಹಾರಾಟದಲ್ಲಿ ಅದು ನಡುಗಿದರೆ ಹೀಟರ್ ಬಂದ್ ಮಾಡಿ, ಹೊರಗಾಳಿಯ ಕಿಂಡಿಗಳನ್ನೆಲ್ಲ ತೆರೆಯಿರಿ, ರೇಡಿಯೋದಲ್ಲಿ ಹೇಳಿ, ಹತ್ತಿರದ ರನ್‌ವೇಗೆ ಇಳಿಯಿರಿ. ತಲೆನೋವು ಕಮ್ಮಿ ಆಯಿತು ಅಂತ ಮುಂದೆ ಹೋಗಬೇಡಿ. ಬರೀ ಗಾಳಿ ಉಸಿರಾಡಿದರೆ ರಕ್ತದಲ್ಲಿನ ಸಿಒ ಅರ್ಧಕ್ಕೆ ಇಳಿಯಲು ನಾಲ್ಕೈದು ತಾಸು ಬೇಕು.